ಗೆರೆಯ ಮೇಲೆ ನುಚ್ಚು

ಮಂಗಳವಾರ, ಮಧ್ಯಾಹ್ನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮಗಳಿಗೆ, ಅಮ್ಮನ ಆಶೀರ್ವಾದ.

ಮೊದಲು ಕೂತುಕೊಂಡು ಇದನ್ನು ಓದು. ನಿಂತು ಓದಿದರೆ ಅರ್ಧಕ್ಕೇ ಚಪ್ಪಲಿ ಮೆಟ್ಟಿಕೊಂಡು ಹೊರಡುವವಳು ನೀನು. ಫೋನಿನಲ್ಲೇ ಹೇಳೋಣವೆಂದರೆ ಫೋನು ಇರುವುದು ನಡುಮನೆಯಲ್ಲಿ, ನಿನ್ನ ಅತ್ತಿಗೆಯ ಕಿವಿ ಇರುವುದು ಮನೆ ತುಂಬ.

ಭಾನುವಾರ ಗಾಡಿ ಮಾಡಿಕೊಂಡು ಬಂದು ನನ್ನನ್ನು ಸಾಮಾನು ಸಮೇತ ಕರೆದೊಯ್ಯುತ್ತೇನೆ ಎಂದು ನೀನು ಬರೆದದ್ದು ತಲುಪಿತು. ಮೂರನೇ ಮಹಡಿಯ ನಿನ್ನ ಮನೆಯಲ್ಲಿ ನನಗೊಂದು ಮಂಚವನ್ನೂ ಹಾಕಿಸಿದ್ದೀಯಂತೆ. ಒಳ್ಳೆಯದು. ಆ ಮಂಚದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಹಿತ್ತಲಿನ ಕಥೆ.

ನಿನ್ನ ಅತ್ತಿಗೆಗೆ ತೋಟದ ಹುಚ್ಚು ಹತ್ತಿದೆ ಎಂದು ಹೋದ ಕಾಗದದಲ್ಲಿ ಬರೆದಿದ್ದೆನಲ್ಲ. ಟೊಮೆಟೊ, ಹುರುಳಿಕಾಯಿ ಅಂತ ಎರಡು ಮಡಿ ಇದ್ದದ್ದು ಸಾಲದಂತೆ, ಹಿಂದಿನ ಗೋಡೆಯವರೆಗೂ ಅಗೆಯಬೇಕಂತೆ. ಆ ಗೋಡೆಗೆ ಒರಗಿಕೊಂಡಿರುವುದು ಏನು? ನನ್ನ ಕೋಳಿಗೂಡು. ಪಕ್ಕದ ಮನೆಯವರು ಕೋಳಿ ಕೇಳುತ್ತಿದ್ದಾರೆ, ಕೊಟ್ಟುಬಿಡೋಣ ಎಂದ ನಿನ್ನ ಅಣ್ಣ, ಊಟಕ್ಕೆ ಕೂತಾಗ, ಉಪ್ಪು ಕೇಳುವಷ್ಟೇ ಸಲೀಸಾಗಿ. ನಿನ್ನ ಅತ್ತಿಗೆ ಹೌದೂ ಎನ್ನಲಿಲ್ಲ, ಬೇಡವೂ ಎನ್ನಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮಾತಾಡದವರು ಒಪ್ಪಿದ ಹಾಗೇ ತಾನೇ? ಅದಕ್ಕೇ 'ಇವತ್ತು ಕೋಳಿ, ನಾಳೆ ನಾನು' ಎಂದು ನಿನಗೆ ಬರೆದದ್ದು.

ಇರು, ಗೂಡಿನಲ್ಲಿ ದೊರೆಸಾನಿ ಕೂಗುತ್ತಿದ್ದಾಳೆ. ನೋಡಿ ಬರುತ್ತೇನೆ.

ಏನೂ ಇಲ್ಲ. ಒಂದು ಮೊಟ್ಟೆ ಇಟ್ಟು ಊರಿಗೆಲ್ಲ ಡಂಗುರ.

ಎಲ್ಲಿಗೆ ನಿಲ್ಲಿಸಿದ್ದೆ? ಹೂಂ, ಮಾರನೆಯ ದಿನವೇ ನಿನ್ನ ಅಣ್ಣ ಅಗೆಯುವ ಜಾಗಕ್ಕೆ ಗೆರೆ ಎಳೆದ. ಆಟದ ಮೈದಾನಕ್ಕೆ ಬಿಳಿ ಗೆರೆ ಎಳೆಯುವುದೇ ಅವನ ಕೆಲಸ ತಾನೇ, ಅಲ್ಲಿಂದಲೇ ಸೀಮೆಸುಣ್ಣದ ಪುಡಿ ತಂದು, ಹಗ್ಗ ಹಿಡಿದು, ಹಿತ್ತಲಿನ ಉದ್ದಕ್ಕೂ ಸುರಿದ. ಗೆರೆ ಗೂಡನ್ನು ಸುತ್ತಿ ಬಂದು ನನ್ನ ಕೋಣೆಯ ಕಿಟಕಿಯ ಕೆಳಗೆ ನಿಂತಿತು. ಅವತ್ತಿನಿಂದ ಊಟ ಸೇರಲಿಲ್ಲ.

ನನ್ನ ಕೋಳಿಯಿಂದಲೇ ಬೆಳಗಾಗುತ್ತದೆ ಎಂದುಕೊಂಡ ಮುದುಕಿ ನಾನಲ್ಲ, ನನ್ನ ಗುಂಪಿನಲ್ಲಿ ಹುಂಜವೇ ಇಲ್ಲ. ಆದರೆ ಬೆಳಗಾದಾಗ ಈ ಮನೆಯಲ್ಲಿ ನನ್ನ ದಾರಿ ಕಾಯುವವು ಅವೇ. ನಿನ್ನ ಅಣ್ಣ ಮೈದಾನಕ್ಕೆ ಓಡುತ್ತಾನೆ. ನಿನ್ನ ಅತ್ತಿಗೆ ಆಸ್ಪತ್ರೆಯ ಲಾಂಡ್ರಿಗೆ, ಹೊದಿಕೆ ಮಡಿಸಲು. ಅಲ್ಲಿ ಮಡಿಸಿದ್ದು ಸಾಲದೆಂದು ಇಲ್ಲಿ ಬಂದು ಕೈವಸ್ತ್ರವನ್ನೂ ಅಂಚಿಗೆ ಅಂಚು ಕೂಡಿಸಿ ಚೌಕಕ್ಕೆ ತರುತ್ತಾಳೆ, ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಇರಲಿ. ಗೂಡಿನ ಬಾಗಿಲು ತೆಗೆಯಬೇಕು ಎಂದು ನಾನು ಏಳುತ್ತೇನೆ. ಅದೂ ಇಲ್ಲವಾದರೆ ಏಳುವುದು ಯಾತಕ್ಕೆ?

ಅದಕ್ಕೊಂದು ಉಪಾಯ ಮಾಡಿದೆ. ನಗಬೇಡ. ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಒಂದು ಬಟ್ಟಲು ನುಚ್ಚು ತೆಗೆದುಕೊಂಡು, ಗೆರೆಯ ಮೇಲೇ ಉದ್ದಕ್ಕೂ ಎರಚಿ, ಗೂಡಿನ ಬಾಗಿಲು ತೆಗೆದೆ. ಕೆದಕುವುದನ್ನು ಕೋಳಿಗೆ ಹೇಳಿಕೊಡಬೇಕೇ? ಸಂಜೆಯೊಳಗೆ ಗೆರೆ ಹೇಳಹೆಸರಿಲ್ಲದಂತಾಯಿತು. ನಿನ್ನ ಅಣ್ಣ ತಲೆ ಕೆರೆದುಕೊಂಡು ಮತ್ತೆ ಎಳೆದ. ನಾನು ಮತ್ತೆ ಎರಚಿದೆ. ಅವನು ದಪ್ಪಗೆ ಎಳೆದ, ನಾನು ಧಾರಾಳವಾಗಿ ಎರಚಿದೆ. ಅವನು ಗೆರೆ ಆಚೆ ಸರಿಸಿದರೆ ನನ್ನ ನುಚ್ಚೂ ಆಚೆ ಸರಿಯಿತು. ಅಷ್ಟು ಹುಡುಗರು ಓಡಾಡಿದರೂ ಅಳಿಸದ ಗೆರೆ ಎಳೆಯುವವನು ನಾಲ್ಕು ಕೋಳಿಗಳ ಮುಂದೆ ಸೋತುಹೋದ. ಗಾಳಿ ಜಾಸ್ತಿ ಅಮ್ಮ ಎಂದ. ಹೌದಪ್ಪ, ಈ ವರ್ಷ ವಿಪರೀತ ಗಾಳಿ ಎಂದೆ.

ಆದರೂ ನೆಮ್ಮದಿ ಎಲ್ಲಿ ಬಂತು? ಅಷ್ಟರಲ್ಲಿ ನಿನ್ನ ಕಾಗದ. ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿ ನನ್ನ ಮಂಚದ ಕೆಳಗೆ ತಳ್ಳಿದೆ. ಕೂತರೆ ಏಳಬೇಕು, ಎದ್ದರೆ ಕಿಟಕಿಗೆ, ಕಿಟಕಿಯಿಂದ ಗೂಡಿಗೆ. ಕಾಲಿಗೆ ಚಕ್ರ ಕಟ್ಟಿದ ಹಾಗಾಯಿತು.

ನಿನ್ನೆ ನಿನ್ನ ಅತ್ತಿಗೆಗೆ ರಜೆಯಂತೆ, ನನಗೆ ಗೊತ್ತಿಲ್ಲ. ಅರ್ಧ ಗೆರೆ ಎರಚಿ ಮುಗಿಸಿ ತಿರುಗಿದರೆ ಹಿಂಬಾಗಿಲಲ್ಲಿ ನಿಂತಿದ್ದಾಳೆ, ಕೈಯಲ್ಲಿ ಸಲಿಕೆ. ನಾನು ಇಂಗು ತಿಂದ ಮಂಗನಾದೆ. ಅವಳು ನೆಟ್ಟಗೆ ಬಂದು ಗೋಡೆಯ ಹತ್ತಿರದ ನೆಲವನ್ನು ಸಲಿಕೆಯ ತುದಿಯಿಂದ ಕುಟ್ಟಿ ನೋಡಿದಳು.

"ಅತ್ತೆ, ನಾಳೆ ಸ್ವಲ್ಪ ಈ ಕಡೆ ಹಾಕಿ. ಇಲ್ಲಿ ಮಣ್ಣು ಇನ್ನೂ ಗಟ್ಟಿ ಇದೆ."

ನಿನಗೆ ಯಾವಾಗಿನಿಂದ ಗೊತ್ತು ಎಂದೆ. ಮೊದಲ ದಿನದಿಂದಲೇ, ನುಚ್ಚಿನ ಡಬ್ಬ ತುಂಬಿಸುತ್ತಾ ಇರೋದು ನಾನಲ್ವಾ ಎಂದಳು. ಅಷ್ಟು ಎರಚಿದರೂ ಡಬ್ಬ ಯಾಕೆ ಬರಿದಾಗಲಿಲ್ಲ ಎಂದು ನಾನು ಯೋಚಿಸಿಯೇ ಇರಲಿಲ್ಲ. ನೋಡು ನನ್ನ ಬುದ್ಧಿ! ಬಗ್ಗಿ ನೆಲ ಮುಟ್ಟಿದೆ. ಕಲ್ಲಿನಂತಿದ್ದದ್ದು ಪುಡಿಪುಡಿ. ಹುಲ್ಲಿನ ಬೇರೆಲ್ಲ ಮೇಲೆ ಬಂದಿದೆ, ಗೊಬ್ಬರವೂ ಬಿದ್ದಿದೆ. ತೋಟ ಕೆಡಿಸಲು ಹೊರಟವಳು ಬಿಟ್ಟಿಗೆ ಹಿತ್ತಲೆಲ್ಲ ಹದ ಮಾಡಿಕೊಟ್ಟಿದ್ದೆ. ಕಳ್ಳಿ, ಗಂಡನಿಗೂ ಹೇಳಿಲ್ಲ. ಇನ್ನೊಂದೆರಡು ಸಲ ಎಳೆಯಲಿ ಬಿಡಿ ಎಂದು ನಕ್ಕಳು.

ಕೋಳಿ ಕೊಡುವ ಯೋಚನೆ ಅವಳಿಗೆ ಇರಲೇ ಇಲ್ಲವಂತೆ. ಮೈದಾನದಲ್ಲಿ ಬಿಸಾಡಿದ ಹರಕಲು ಗೋಲಿನ ಬಲೆ ತಂದು ಬೇಲಿ ಮಾಡುತ್ತಾಳಂತೆ, ಬೇಕಾದ ಕಡೆ ಸರಿಸುವಂಥದ್ದು. ಕೋಳಿ ಕೆದಕಿ ಮುಗಿಸಿದಲ್ಲಿ ಬೀಜ, ಬೆಳೆ ಮುಗಿದಲ್ಲಿ ಮತ್ತೆ ಕೋಳಿ. ಹಾಗಾದರೆ ಅವತ್ತು ಊಟದ ಹೊತ್ತಿಗೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ನೀವೇ ಬೇಡ ಅಂತೀರಿ ಅಂತ ಕಾದೆ, ನೀವೂ ಸುಮ್ಮನಾದಿರಿ, ಕೋಳಿ ಸಾಕಿ ಸಾಕಾಗಿರಬೇಕು ಅಂದುಕೊಂಡೆ ಎಂದಳು. ಇಬ್ಬರೂ ಬಾಯಿಬಡುಕಿಯರೇ, ಬೇಕಾದ ಹೊತ್ತಿಗೆ ಇಬ್ಬರ ಬಾಯಿಯೂ ಬಿದ್ದುಹೋಗಿತ್ತು.

ಈಗ ಮಂಚದ ವಿಷಯ. ಅದರ ಮೇಲೆ ನನ್ನ ಮೊಮ್ಮಗಳು ಮಲಗಲಿ. ನಾನು ಬರುವುದೇ ಇಲ್ಲ ಎಂದಲ್ಲ. ಗೋಡೆಯ ಬದಿಯ ಮಣ್ಣು ಹದವಾಗಬೇಕು. ಆಮೇಲೆ ಕುಂಬಳದ ಬೀಜ ಮೊಳೆಯಬೇಕು. ಅಷ್ಟರಲ್ಲಿ ಹುರುಳಿಕಾಯಿಯ ಮಡಿ ಖಾಲಿಯಾಗುತ್ತದೆ, ಅಲ್ಲಿಗೆ ಕೋಳಿ ಬಿಡಬೇಕು. ನಿನಗೆ ಅರ್ಥವಾಗುತ್ತದೆ. ಅಣ್ಣನ ಮೇಲೆ ಹಾರಾಡಬೇಡ. ಹೋದ ಕಾಗದದಲ್ಲಿ ಉಪ್ಪುಖಾರ ಸ್ವಲ್ಪ ಹೆಚ್ಚಾಗಿತ್ತು, ಹಾಕಿದ ಕೈ ನನ್ನದೇ. ಭಾನುವಾರ ಬಾ. ನನ್ನ ಬದಲು ಮೊಟ್ಟೆ ತುಂಬಿಕೊಂಡು ಹೋಗು. ಈ ಕಾಗದ ಅದಕ್ಕೆ ಮೊದಲು ಕೈಸೇರುತ್ತದೋ ಇಲ್ಲವೋ ಎಂದು ಈಗ ಮತ್ತೊಂದು ತಳಮಳ.

ಇನ್ನೂ ಬಟ್ಟಲು ಕೆಳಗಿಡದ,
ನಿನ್ನ ಅಮ್ಮ

ಅಂಟಿಸುವ ಮುಂಚೆ ಇನ್ನೊಂದು ಮಾತು: ಚೀಲ ಬಿಚ್ಚೋಣವೆಂದು ಮಂಚದ ಕೆಳಗಿಂದ ಎಳೆದರೆ ಹಗುರವಾಗಿ ಬಂತು. ಖಾಲಿ. ಬಟ್ಟೆಯೆಲ್ಲ ಕಪಾಟಿನಲ್ಲಿ, ಅಂಚಿಗೆ ಅಂಚು ಕೂಡಿಸಿ, ಚೌಕಚೌಕವಾಗಿ. ನಿನ್ನ ಅತ್ತಿಗೆ ಯಾವಾಗ ತೆಗೆದಿಟ್ಟಳೋ. ಬಿಚ್ಚಿ ನನ್ನ ರೀತಿಯಲ್ಲೇ ಮಡಿಸೋಣವೆಂದು ಕೈ ಹಾಕಿದೆ. ಆಮೇಲೆ ಹಾಗೇ ಬಿಟ್ಟೆ.