ಕನಕಮ್ಮನ ಗಿಣ್ಣು

ಬೂದಿಕೋಟೆ, ಜನವರಿ ೧೨, ಭಾನುವಾರ

ಬಾಯಲ್ಲಿ ಇನ್ನೂ ಗಿಣ್ಣಿನ ಸಿಹಿ ಇದೆ. ಹಸು ಈದಿದೆ ಅಂತ ಪಕ್ಕದ ಮನೆ ಕನಕಮ್ಮ ತಂದಿದ್ದಳು. "ನೀನಿಲ್ದಿದ್ರೆ ನನ್ ದೊಡ್ಮಗ ವೇಣು ಹೆಣಾನೂ ಬತ್ತಿರ್ಲಿಲ್ಲ ಕಣಮ್ಮ" ಅಂದಳು.

ವೇಣು ಕೂಲಿಗೆ ಹೋಗಿದ್ದ ದೇಶದಲ್ಲಿ ಯುದ್ಧ ಶುರುವಾದಾಗ ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ನಾನೇ ಇದ್ದೆ. ಕೂಲಿಗೆ ಬಂದ ನಮ್ಮವರನ್ನು ಈಗಲೇ ವಾಪಸ್ ಕಳಿಸಿದರೆ ಇಲ್ಲಿನ ಸರ್ಕಾರ ಮುನಿಸಿಕೊಳ್ಳುತ್ತದೆ, ಹತ್ತು ದಿನ ಕಾಯೋಣ ಎಂದು ದೆಹಲಿಗೆ ಬರೆದವಳೂ ನಾನೇ. ಏಳನೇ ದಿನ ವೇಣು ಸತ್ತ. ಆ ಟಿಪ್ಪಣಿಯನ್ನು ಹೊಗಳಿ ನನಗೆ ಬಡ್ತಿ ಕೊಟ್ಟರು.

ಈಗ ಅವಳ ಚಿಕ್ಕ ಮಗನಿಗೂ ಅದೇ ದೇಶದ ವೀಸಾ ಬಂದಿದೆ. "ಕಳಿಸ್ಲಾ ಬ್ಯಾಡ್ವಾ? ನೀ ಅಂದಂಗೆ ಮಾಡ್ತೀನಿ."

ಬೇಡ ಅಂದರೆ ಯಾಕೆ ಅಂತ ಕೇಳುತ್ತಾಳೆ.

"ಕಳಿಸು, ನಾನಿದ್ದೀನಲ್ಲ" ಅಂದೆ. ಗಿಣ್ಣಿನ ಪಾತ್ರೆ ಬರಿದಾಗಿ ಕೊಡಬಾರದಲ್ಲ, ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟೆ. ಅದನ್ನು ಕಣ್ಣಿಗೊತ್ತಿಕೊಂಡು ಹೋದಳು.