ಕರಡಿಗೆ ಪಕ್ಕದಲ್ಲೇ ಗಂಜಿ

ರೀ,

ಪರೀಕ್ಷೆ ಡ್ಯೂಟಿ ತಪ್ಪಿಸ್ಕೊಳ್ಳೋಕೆ ಆಗ್ಲಿಲ್ಲ. ಅಶೋಕಪುರಂ ಶಾಲೆಗೆ ಹೊರಟಿದ್ದೀನಿ. ಗಂಜೀನ ದೇವರ ಮನೇಲಿ, ನಿಮ್ಮ ಇಷ್ಟಲಿಂಗದ ಕರಡಿಗೆ ಪಕ್ಕದಲ್ಲೇ ಮುಚ್ಚಿಟ್ಟಿದ್ದೀನಿ.

ಪಿತ್ತಕೋಶ ತೆಗೆದಿದ್ದಾರೆ ಕಣ್ರೀ. ಹೊರಗೆ ಸಣ್ಣ ತೂತು ಕಂಡ್ರೂ ಒಳಗಿನ ಗಾಯ ಗಾಯವೇ. ಬ್ಯಾಂಡೇಜ್ ನೆನೀಬಾರ್ದು, ಅದಕ್ಕೆ ಸ್ನಾನ ಬೇಡ ಅಂದಿದ್ದಾರೆ. ಸ್ನಾನ ಇಲ್ಲದೆ ಲಿಂಗಪೂಜೆ ಇಲ್ಲ, ಪೂಜೆ ಇಲ್ಲದೆ ಊಟ ಇಲ್ಲ ಅಂತ ನೀವು ಕೂತ್ರೆ, ಖಾಲಿ ಹೊಟ್ಟೇಲಿ ಮಾತ್ರೆ ನುಂಗಿ ತಲೆ ಸುತ್ತಿ ಬೀಳ್ತೀರಿ. ನಿನ್ನೆ ಇಡ್ಲಿ ತಿಂದೆ ಅಂದ್ರಿ. ನೀವದನ್ನ ಹಸುಗೆ ಹಾಕ್ತಿದ್ದದ್ದನ್ನ ಪಕ್ಕದ್ಮನೆ ರೋಸ್ಲಿನ್ ನೋಡಿದ್ರಂತೆ.

ಒದ್ದೆ ಟವೆಲಲ್ಲಿ ಮೈ ಒರೆಸ್ಕೊಂಡು ವಿಭೂತಿ ಇಟ್ಕೊಂಡ್ರೆ ಸಾಕು ಅಂತ ಮಠದ ಸ್ವಾಮಿಗಳೇ ಹೇಳಿದ್ದಾರೆ. ನಾನೇ ಹೋಗಿ ಕೇಳ್ಕೊಂಡು ಬಂದೆ.

ಮಧ್ಯಾಹ್ನಕ್ಕೆ ಮೆತ್ತಗಿನ ಅನ್ನ, ಹೆಸರುಬೇಳೆ ಕಟ್ಟು, ಮಜ್ಜಿಗೆ ಇದೆ. ಒಂದೇ ಸಲ ಬೇಡ, ಸ್ವಲ್ಪ ಸ್ವಲ್ಪ ತಿನ್ನಿ. ಜಿಡ್ಡು ಸದ್ಯಕ್ಕೆ ಬೇಡ; ತುಪ್ಪದ ಡಬ್ಬಿ ಹುಡುಕ್ಬೇಡಿ, ರೋಸ್ಲಿನ್ ಮನೇಲಿದೆ.

ಬೆಲ್ ಹೊಡೆದು ಬಿಡುವಾದಾಗ ಫೋನ್ ಮಾಡ್ತೀನಿ, ಎತ್ತಿ. ಎತ್ತದಿದ್ರೆ ಡ್ಯೂಟಿ ಬಿಟ್ಟು ಆಟೋ ಹತ್ತಿ ಬಂದ್ಬುಡ್ತೀನಿ.

ಗೇಟ್‌ವರೆಗೂ ಹೋಗಿದ್ದೆ, ಮನಸ್ಸು ತಡೀಲಿಲ್ಲ, ವಾಪಸ್ ಬಂದು ಇದನ್ನ ಬರೀತಿದ್ದೀನಿ. ಆಪರೇಷನ್ನಿಗೆ ಮುಂಚೆ ನಿಮ್ಮ ಕೊರಳಿಂದ ಬಿಚ್ಚಿಸಿದ ಕರಡಿಗೆ, ನಿಮ್ಮನ್ನ ಹೊರಗೆ ಕರ್ಕೊಂಡು ಬರೋವರೆಗೂ ನನ್ನ ಮುಷ್ಟೀಲೇ ಇತ್ತು. ಅವತ್ತು ನಂಗೂ ಸ್ನಾನ ಆಗಿರ್ಲಿಲ್ಲ. ಆದ್ರೂ ನೀವು ಕಣ್ಣು ಬಿಟ್ರಿ.

ನೀಲ