ತಣ್ಣಗಿನ ಬಂದೂಕಿನ ಮೊದಲ ಗುಂಡು

ಎವರ್‌ಗ್ರೀನ್, ಸ್ಯಾನ್ ಹೋಸೆ
ಸೆಪ್ಟೆಂಬರ್ ೨೦೦೦

ನನ್ನ ರೆಹಾನ್,

ಮಾರ್ಗನ್ ಹಿಲ್ ಇಲ್ಲಿಂದ ಅರ್ಧ ಗಂಟೆಯ ದಾರಿ, ಫೋನೂ ಇದೆ. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಏನಾದರೂ ಹೇಳಿ ನಗಿಸುತ್ತೀಯ, ನಾನು ಕೇಳಬೇಕಾದ್ದನ್ನು ಕೇಳದೆ ಇಟ್ಟುಬಿಡುತ್ತೇನೆ. ಮೈಸೂರಿನಿಂದ ನಿನ್ನ ಹಾಸ್ಟೆಲಿಗೆ ಕನ್ನಡದಲ್ಲಿ ಬರೆಯುತ್ತಿದ್ದೆನಲ್ಲ, ಇದೂ ಹಾಗೇ ಅಂದುಕೋ.

ಇಡೀ ಬೇಸಿಗೆ ನೀನು ಕೊಲೊರಾಡೋದ ಎಲ್ಕ್ ಬೇಟೆಗೆ ತಯಾರಾಗುವುದನ್ನು ನೋಡಿದ್ದೇನೆ. ಮೇ ತಿಂಗಳಲ್ಲಿ ನಿನ್ನ ಕಂಪನಿ ಮುಚ್ಚಿ, ನೀವು ಕೂರುತ್ತಿದ್ದ ಕುರ್ಚಿಗಳನ್ನೂ ಹರಾಜು ಹಾಕಿದ ಮೇಲೆ, ಬೆಳಿಗ್ಗೆ ಏಳುವುದಕ್ಕೆ ನಿನಗೆ ಉಳಿದ ಕಾರಣ ಇದೊಂದೇ. ಅದಕ್ಕೇ ಅಕ್ಕನಾಗಿ ನಾನು ಅಡ್ಡ ಬರಲಿಲ್ಲ. ನೀನು ಅಮ್ಮಿಯ ಸೋನಾ ಮಸೂರಿ ಅಕ್ಕಿ ಚೀಲವನ್ನು ಬೆನ್ನಿಗೆ ಹಾಕಿಕೊಂಡು ನಮ್ಮ ಮನೆಯ ಹಿಂದಿನ ಗುಡ್ಡ ಹತ್ತಿ ಇಳಿದೆ. ನಿನ್ನ ಅಪಾರ್ಟ್‌ಮೆಂಟಿನ ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿ, ಖಾಲಿ ಬಂದೂಕಿನ ನಳಿಗೆಯ ಮೇಲೆ ನಾಣ್ಯವಿಟ್ಟು, ಅದು ಬೀಳದಂತೆ ಟ್ರಿಗರ್ ಎಳೆಯುವುದನ್ನು ಕಲಿತೆ. ಅಮ್ಮಿಯಂತೂ ಎಲ್ಕ್ ಅಂದರೆ ಕಡವೆಗಿಂತ ದೊಡ್ಡದು ಎಂದು ಬಂದವರಿಗೆಲ್ಲ ಹೇಳಿ, ಯಾರ ಮನೆಗೆ ತೊಡೆ, ಯಾರ ಮನೆಗೆ ಕೈಮಾ ಎಂದು ಹಂಚಿಯೂ ಮುಗಿಸಿದ್ದಾಳೆ. ಫ್ರೀಜರ್ ಖಾಲಿ ಮಾಡಿ ಒರೆಸಿಟ್ಟಿದ್ದಾಳೆ.

ಆರುನೂರು ಗಜ ದೂರದಿಂದ ಹೊಡೆಯುತ್ತೇನೆ ಎಂದು ನೀನು ಹೇಳಿದಾಗ ಅವಳು ಕೇಳಿದಳು: "ಅಲ್ಲಿಂದ ಬಿಸ್ಮಿಲ್ಲಾ ಅಂದ್ರೆ ಅದಕ್ಕೆ ಕೇಳಿಸುತ್ತೇನೋ?"

"ಮೇಲಿರೋನಿಗೆ ಕೇಳಿಸಿದ್ರೆ ಸಾಕು ಅಮ್ಮಿ," ಅಂದೆ ನೀನು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಲಿವರ್‌ಮೋರ್ ಆಚೆ, ನಿನ್ನ ಹಳೆಯ ಮ್ಯಾನೇಜರ್, ಬೇಟೆಗೂ ಜೊತೆ ಬರಲಿರುವ ಕ್ರೇಗ್‌ನ ಜಮೀನಿನಲ್ಲಿ ನೀನು ಅಭ್ಯಾಸ ಮಾಡುವ ಶನಿವಾರಗಳಲ್ಲಿ, ಪಕ್ಕದಲ್ಲಿ ಮಲಗಿ ದುರ್ಬೀನಿನಲ್ಲಿ ನೋಡಿ ಗುಂಡು ಎಲ್ಲಿ ಬಿತ್ತೆಂದು ಹೇಳುವುದು ನನ್ನ ಕೆಲಸ. ಗುರಿ, ಎಲ್ಕ್‌ನ ಎದೆಯಷ್ಟು ಅಗಲದ ಒಂದು ಕಬ್ಬಿಣದ ತಟ್ಟೆ. ನಿನ್ನ ಮೊದಲ ಗುಂಡು ಪ್ರತಿ ಸಲವೂ ತಟ್ಟೆಯ ಎಡಕ್ಕೆ ಬಿದ್ದು ಮಣ್ಣು ಹಾರಿಸುತ್ತದೆ. "ಮೊದಲನೇದು ಲೆಕ್ಕಕ್ಕಿಲ್ಲ ಆಪಾ, ಬಂದೂಕು ಬಿಸಿಯಾಗ್ಲಿ," ಅನ್ನುತ್ತೀಯ. ಆಮೇಲಿನದೆಲ್ಲ ಠಣ್ಣೆಂದು ತಟ್ಟೆಗೇ ಬಡಿಯುತ್ತದೆ. ಕ್ರೇಗ್ ಚಪ್ಪಾಳೆ ತಟ್ಟುತ್ತಾನೆ.

ಆದರೆ ಬೆಟ್ಟದ ಮೇಲೆ ಬಂದೂಕು ಯಾವಾಗಲೂ ತಣ್ಣಗೇ ಇರುತ್ತದೆ, ರೆಹಾನ್. ಅಲ್ಲಿ ಮೊದಲನೆಯದೇ ಲೆಕ್ಕ. ಎದೆಯಿಂದ ಅಷ್ಟು ಎಡಕ್ಕೆ ಸರಿದರೆ ಗುಂಡು ಹೊಟ್ಟೆಗೆ ಹೋಗುತ್ತದೆ. ಅದನ್ನು ಹೊತ್ತುಕೊಂಡೇ ಆ ಪ್ರಾಣಿ ಕಾಡಿನೊಳಗೆ ಎಷ್ಟು ದೂರ ನಡೆಯುತ್ತದೋ, ಯಾವಾಗ ಸಾಯುತ್ತದೋ.

ಕಳೆದ ಶನಿವಾರ ನಾನು ಇದನ್ನೇ ಹೇಳಿದೆ. ಅದು ನಳಿಗೆಯಲ್ಲಿನ ಎಣ್ಣೆಯಿಂದ ಅಂದೆ ನೀನು, ಗಾಳಿಯಿಂದ ಅಂದೆ. ಹೇಳುತ್ತಾ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ. ಅದನ್ನು ನಾನು ಹಿಂದೆಯೂ ನೋಡಿದ್ದೇನೆ. ಅಬ್ಬಾ ಇಲ್ಲಿಗೆ ಬಂದಿದ್ದ ವರ್ಷದ ಬಕ್ರೀದ್, ಊರಾಚೆಯ ಫಾರ್ಮು. ಅವರು ಚೂರಿಯನ್ನು ನಿನ್ನ ಕೈಗೆ ಕೊಟ್ಟರು. ನೀನು ಹೀಗೇ ಅಂಗೈ ಒರೆಸಿಕೊಂಡೆ, ಕುರಿಯ ಪಕ್ಕ ಕೂತೆ, ಕೈ ನಡುಗಿತು. ಅಬ್ಬಾ ಚೂರಿಯನ್ನು ಮೆಲ್ಲಗೆ ವಾಪಸು ತೆಗೆದುಕೊಂಡರು. "ಇವತ್ತು ಬೇಡ ಮಗ. ಕೈ ನಿಂತ ದಿನ ಕೊಡ್ತೀನಿ," ಅಂದರು. ನೀರಿನ ಬಕೆಟ್ ಹಿಡಿದು ನಿಂತಿದ್ದ ನನ್ನನ್ನು ಬಿಟ್ಟರೆ ಯಾರಿಗೂ ಕೇಳಿಸಲಿಲ್ಲ. ಮುಂದಿನ ಬಕ್ರೀದಿಗೆ ಅಬ್ಬಾ ಇರಲಿಲ್ಲ.

ಆ ಎಡಕ್ಕೆ ಬೀಳುವ ಗುಂಡು ತಣ್ಣಗಿನ ನಳಿಗೆಯದೋ ನಿನ್ನ ಕೈಯದೋ ನನಗೆ ಗೊತ್ತಿಲ್ಲ. ಎಲ್ಕ್‌ಗೂ ಗೊತ್ತಾಗುವುದಿಲ್ಲ.

ನಿನ್ನ ಚೀಲದಲ್ಲಿ ಏನಾದರೂ ಬಿಟ್ಟುಹೋಗಿದೆಯಾ ನೋಡು ಅಂದಿದ್ದೆಯಲ್ಲ, ನೋಡಿದೆ. ಕಿತ್ತಳೆ ಬಣ್ಣದ ಜಾಕೆಟ್ಟು, ದೂರ ಅಳೆಯುವ ಯಂತ್ರ, ಹಗ್ಗ, ಮಾಂಸ ಕಟ್ಟುವ ಬಟ್ಟೆ, ಎಲ್ಲ ಇತ್ತು. ಚೂರಿ ಇರಲಿಲ್ಲ. ಕೇಳಿದರೆ, "ಅದೆಲ್ಲ ಕ್ರೇಗ್ ನೋಡ್ಕೋತಾನೆ," ಅಂದೆ ನೀನು. ಅವತ್ತಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ಕಣಿವೆ ಇಳಿದು ಹತ್ತಿ ನೀನು ಅಲ್ಲಿಗೆ ಹೋಗುವಾಗ ಅದು ಇನ್ನೂ ಉಸಿರಾಡುತ್ತಿದ್ದರೆ, ಪಕ್ಕ ಕೂತು ಅಲ್ಲಾಹನ ಹೆಸರು ಹೇಳಿ ಕೊಯ್ಯಬೇಕಾದವನು ನೀನು. ಆಗಲೇ ಅದು ಅಮ್ಮಿಯ ಒಲೆ ಹತ್ತುವುದು. ಕ್ರೇಗ್ ಒಳ್ಳೆಯವನು, ಆದರೆ ಈ ಕೆಲಸವನ್ನು ಅವನಿಗೆ ಬಿಡಲಾಗುವುದಿಲ್ಲ. ಇದು ನಿನಗೆ ಗೊತ್ತಿಲ್ಲದ್ದೇನಲ್ಲ. ನೀನು ತಲುಪುವಷ್ಟರಲ್ಲಿ ಎಲ್ಲ ಮುಗಿದಿರಲಿ ಎಂದು ಆರುನೂರು ಗಜವನ್ನು ಆರಿಸಿಕೊಂಡೆಯಾ? ಅಷ್ಟು ದೂರಕ್ಕೆ ಅದರ ಕಣ್ಣು ಕಾಣುವುದಿಲ್ಲ ಎಂದಾ?

ಉತ್ತರ ಬರೆಯಬೇಡ. ಶನಿವಾರ ಕ್ರೇಗ್‌ನ ಜಮೀನಿಗೆ ಬಾ. ಅಕ್ಕಿ ಚೀಲ ಹೊತ್ತು ದಿಬ್ಬ ಹತ್ತು, ಏದುಸಿರಿನಲ್ಲೇ ಮಲಗು, ತಣ್ಣಗಿನ ಬಂದೂಕಿನಿಂದ ಒಂದೇ ಗುಂಡು ಹೊಡೆದು ಮನೆಗೆ ಹೋಗು. ತಪ್ಪಿದರೆ ಮುಂದಿನ ಶನಿವಾರ ತಟ್ಟೆಯನ್ನು ಹತ್ತಿರ ತರೋಣ. ಎಲ್ಲಿ ಆ ಒಂದು ಗುಂಡು ತಪ್ಪುವುದಿಲ್ಲವೋ ಅಷ್ಟೇ ನಿನ್ನ ದೂರ. ಅದು ನೂರೇ ಗಜ ಆಗಬಹುದು. ಆಗ ನೀನು ಅದರ ವಾಸನೆ ಸಿಗುವಷ್ಟು ಹತ್ತಿರ ನಡೆದು ಹೋಗಬೇಕಾಗುತ್ತದೆ. ಅಷ್ಟರಲ್ಲೂ ಆಗದಿದ್ದರೆ ಈ ವರ್ಷ ಬೇಡ. ಅಮ್ಮಿಗೆ ನಾನು ಹೇಳುತ್ತೇನೆ, ಹಲಾಲ್ ಅಂಗಡಿಯ ಮಟನ್ ತಂದು ಫ್ರೀಜರನ್ನೂ ತುಂಬಿಸುತ್ತೇನೆ. ಕೆಲಸ ಹೋದದ್ದಕ್ಕಾಗಲಿ ಇದಕ್ಕಾಗಲಿ ನಮ್ಮ ಮನೆಯಲ್ಲಿ ಯಾರೂ ನಿನ್ನನ್ನು ಕಡಿಮೆ ಮಾಡಿ ನೋಡುವುದಿಲ್ಲ.

ಈ ಪತ್ರವನ್ನು ನಿಮ್ಮ ಭಾವ ಶಾರೀಕ್ ತಂದುಕೊಡುತ್ತಾರೆ. ಜೊತೆಗಿರುವ ಬಟ್ಟೆಯ ಸುರುಳಿಯನ್ನು ಜೋಪಾನವಾಗಿ ಬಿಚ್ಚು. ಅಬ್ಬಾನ ಚೂರಿ. ನಿನ್ನೆ ಸಾಣೆ ಹಿಡಿದಿದ್ದೇನೆ.

ಅಲ್ಲಾಹ್ ನಿನ್ನ ಕೈಯನ್ನು ನಿಲ್ಲಿಸಲಿ. ನಿಲ್ಲದ ದಿನ, ಬಂದೂಕನ್ನು ಕೆಳಗಿಡುವ ಬಲವನ್ನು ಅದೇ ಕೈಗೆ ಕೊಡಲಿ.

ಶನಿವಾರ ದುರ್ಬೀನು ಹಿಡಿದು ಕಾಯುವ,
ನಿನ್ನ ಇರಮ್ ಆಪಾ